ಕುದುರೆಯಿಲ್ಲದ ಪಿಸ್ತೂಲು

ನಮ್ಮ ಭಾಷೆಯಲ್ಲಿ ಬಂದೂಕಿಗೂ ಒಂದು ಕುದುರೆಯುಂಟು. ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸುವ, ಬಿಟ್ಟೊಡನೆ ಮುಂದಕ್ಕೆ ಬಡಿದು ತೋಟಾದ ಬೆನ್ನಿನ ಕೇಪನ್ನು ಸಿಡಿಸುವ ಲೋಹದ ತುಂಡಿಗೆ ಹಿಂದಿನವರು ಕೊಟ್ಟ ಹೆಸರು ಅದು. ಹೆಸರಿನಲ್ಲಿ ಔಚಿತ್ಯವಿದೆ. ಕುದುರೆ ಸುಮ್ಮನೆ ನಿಂತಿದೆಯೋ ಜಿಗಿಯಲು ಸಿದ್ಧವಾಗಿದೆಯೋ ಎಂಬುದು ನೋಡಿದವರಿಗೆ ಕೂಡಲೇ ತಿಳಿಯುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಈ ಕುದುರೆಯನ್ನೇ ಕಳೆದುಕೊಂಡ ಒಂದು ಜಾತಿಯ ಪಿಸ್ತೂಲಿನ ಕತೆ. ಇಂಗ್ಲಿಷಿನಲ್ಲಿ ಇದನ್ನು ಸ್ಟ್ರೈಕರ್ ಪಿಸ್ತೂಲು ಎನ್ನುತ್ತಾರೆ. ಇದರಲ್ಲಿ ಬಡಿಯುವ ಕುದುರೆಯಿಲ್ಲ. ಸ್ಪ್ರಿಂಗಿನ ಬಲದಿಂದ ನೇರವಾಗಿ ಮುಂದಕ್ಕೆ ನುಗ್ಗುವ ಒಂದು ಸೂಜಿಯಿದೆ. ಆ ಸೂಜಿ ಪಿಸ್ತೂಲಿನ ಒಡಲೊಳಗೆ ಅಡಗಿರುತ್ತದೆ. ಅದು ನಿದ್ರಿಸುತ್ತಿದೆಯೋ ಎಚ್ಚೆತ್ತಿದೆಯೋ ಎಂಬುದು ಹೊರಗಣ ಕಣ್ಣಿಗೆ ಸುಲಭವಾಗಿ ಕಾಣದು.

ಆಯುಧಗಳ ಇತಿಹಾಸವೆಂದರೆ ಕೊಲ್ಲುವ ಸಾಮರ್ಥ್ಯದ ಇತಿಹಾಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದರ ಮಗ್ಗುಲಲ್ಲೇ ಇನ್ನೊಂದು ಇತಿಹಾಸ ಹರಿದುಬಂದಿದೆ. ಅದು, ಬೇಡವಾದಾಗ ಆಯುಧ ಸುಮ್ಮನಿರುವಂತೆ ಮಾಡುವುದು ಹೇಗೆಂಬ ಚಿಂತೆಯ ಇತಿಹಾಸ. ಈ ಚಿಂತೆ ಎಲ್ಲಕ್ಕಿಂತ ತೀವ್ರವಾಗಿರುವುದು ಅಮೆರಿಕದಲ್ಲಿ. ಏಕೆಂದರೆ ತುಂಬಿದ ಪಿಸ್ತೂಲನ್ನು ಉಡುಪಿನೊಳಗೆ ಮರೆಮಾಡಿಕೊಂಡು ಓಡಾಡುವ ರೂಢಿ ಅಲ್ಲಿ ಬಹಳ ಹಳೆಯದು. ಆ ರೂಢಿಯನ್ನು ತಡೆಯುವ ಕಾನೂನುಗಳನ್ನು ಕೆಂಟಕಿ ಮತ್ತು ಲೂಯಿಸಿಯಾನ ರಾಜ್ಯಗಳು 1813ರಷ್ಟು ಹಿಂದೆಯೇ ಮಾಡಿದ್ದವು. ನ್ಯೂಯಾರ್ಕ್ 1911ರಲ್ಲಿ ಸಲಿವನ್ ಶಾಸನವನ್ನು ತಂದಿತು. ಆದರೆ ಕಾಲಚಕ್ರ ಈಚೆಗೆ ಇನ್ನೊಂದು ಕಡೆಗೆ ಉರುಳಿದೆ. ಪಿಸ್ತೂಲಿನ ಪರವಾನಗಿಗೆ ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನಿಯಮವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2022ರ ಜೂನ್ ತಿಂಗಳಲ್ಲಿ ರದ್ದುಗೊಳಿಸಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಮರೆಯಲ್ಲಿ ಪಿಸ್ತೂಲನ್ನು ಇಟ್ಟುಕೊಳ್ಳಬಹುದು. ಹೀಗೆ ಇಟ್ಟುಕೊಂಡವನಿಗೆ ಗುರಿಯಿಡುವ ಕ್ಷಣ ಜೀವಮಾನದಲ್ಲಿ ಒಮ್ಮೆಯೂ ಬಾರದಿರಬಹುದು. ಅಂಗಡಿಯಲ್ಲಿ, ಕಾರಿನಲ್ಲಿ, ಮಗುವನ್ನೆತ್ತಿಕೊಂಡು ಅಂಗಳದಲ್ಲಿ ಕಳೆಯುವ ಗಂಟೆಗಳು ಮಾತ್ರ ಪ್ರತಿದಿನವೂ ಇರುತ್ತವೆ. ಆ ಗಂಟೆಗಳಲ್ಲಿ ಸೊಂಟದಲ್ಲಿರುವ ಯಂತ್ರ ಏನು ಮಾಡುತ್ತಿರುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಕುದುರೆಯುಳ್ಳ ಹಳೆಯ ಪಿಸ್ತೂಲುಗಳೇನೂ ಸಾಧುಗಳಾಗಿರಲಿಲ್ಲ. ಕೋಲ್ಟ್ ಕಂಪನಿಯ 1873ರ ಪ್ರಸಿದ್ಧ ರಿವಾಲ್ವರಿನಲ್ಲಿ ಆರು ತೋಟಾಗಳಿಗೆ ಜಾಗವಿತ್ತು. ತಿಳಿದವರು ಐದನ್ನೇ ತುಂಬಿ, ಕುದುರೆಯನ್ನು ಬರಿದಾದ ಆರನೆಯ ಗೂಡಿನ ಮೇಲೆ ಇಳಿಸಿಡುತ್ತಿದ್ದರು. ತುಂಬಿದ ಗೂಡಿನ ಮೇಲೆ ಕುದುರೆ ಒರಗಿದ್ದರೆ, ಪಿಸ್ತೂಲು ನೆಲಕ್ಕೆ ಬಿದ್ದ ಪೆಟ್ಟೊಂದೇ ಗುಂಡು ಹಾರಲು ಸಾಕಾಗುತ್ತಿತ್ತು. ಸಿನಿಮಾಗಳಲ್ಲಿ ಎಂದೂ ಕೈತಪ್ಪದ ವೀರನಾಗಿ ಮೆರೆಯುವ ವಯಟ್ ಅರ್ಪ್ 1876ರ ಜನವರಿಯಲ್ಲಿ ವಿಚಿಟಾ ಪಟ್ಟಣದ ಪಾನಗೃಹವೊಂದರಲ್ಲಿ ಕುಳಿತಿದ್ದಾಗ, ಅವನ ರಿವಾಲ್ವರು ಒರೆಯಿಂದ ಜಾರಿಬಿದ್ದು ತಾನಾಗಿಯೇ ಹಾರಿತು. ಗುಂಡು ಅವನ ಕೋಟನ್ನು ತೂರಿಕೊಂಡು ಹೋಯಿತೆಂದು ಊರಿನ ಪತ್ರಿಕೆ ವರದಿಮಾಡಿತು. ಅಂದು ಅದು ಒಂದು ಗೇಣು ಅತ್ತಿತ್ತಲಾಗಿದ್ದರೆ ಅಮೆರಿಕ ತನ್ನೊಂದು ದಂತಕತೆಯನ್ನೇ ಕಳೆದುಕೊಳ್ಳುತ್ತಿತ್ತು.

ಕಿಸೆಯ ಪಿಸ್ತೂಲಿಗೆ ಕುದುರೆಯಿಂದ ಇನ್ನೊಂದು ತೊಡಕೂ ಇತ್ತು: ಹೊರಕ್ಕೆ ಚಾಚಿದ ಅದರ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆಂದು ಸ್ಮಿತ್ ಅಂಡ್ ವೆಸನ್ ಕಂಪನಿ 1887ರಲ್ಲಿ ಕುದುರೆಯನ್ನು ಲಾಯದೊಳಗೆ ಕಟ್ಟಿದಂತೆ ಒಡಲೊಳಗೇ ಮುಚ್ಚಿದ ರಿವಾಲ್ವರೊಂದನ್ನು ತಂದಿತು. ಅಂಗೈ ಹಿಡಿಯನ್ನು ಬಿಗಿಯಾಗಿ ಒತ್ತಿದಲ್ಲದೆ ಅದು ಹಾರುತ್ತಿರಲಿಲ್ಲ. ಮುಂದಿನ ಹೆಜ್ಜೆಯನ್ನಿಟ್ಟವನು ಆಯುಧ ವಿನ್ಯಾಸದ ಮಹಾ ಪ್ರತಿಭಾವಂತ ಜಾನ್ ಬ್ರೌನಿಂಗ್. ಕಿಸೆಯಲ್ಲಿ ಹಿಡಿಯುವ ಅವನ ಪುಟ್ಟ ಪಿಸ್ತೂಲು ಬೆಲ್ಜಿಯಮ್ಮಿನ ಎಫ್‌ಎನ್ ಕಾರ್ಖಾನೆಯಿಂದಲೂ, 1908ರಿಂದ ಅಮೆರಿಕದ ಕೋಲ್ಟ್ ಕಾರ್ಖಾನೆಯಿಂದಲೂ ಹೊರಬಂದಿತು. ಅದರಲ್ಲಿ ಕುದುರೆಯ ಬದಲು ಸ್ಟ್ರೈಕರ್ ಸೂಜಿಯಿತ್ತು. ಬಿಲ್ಲಿನ ಮಾತಿನಲ್ಲಿ ಹೇಳುವುದಾದರೆ, ಹೆದೆಯನ್ನು ಕಿವಿಯವರೆಗೆ ಸೆಳೆದು, ಬಾಣ ಹೂಡಿ, ಹಾಗೆಯೇ ಕಿಸೆಯಲ್ಲಿಟ್ಟುಕೊಂಡಂತೆ. ಆ ಸೆಳೆತವನ್ನು ತಡೆಹಿಡಿಯಲು ಬ್ರೌನಿಂಗನು ಹಿಡಿಯ ಹಿಂದೊಂದು ಸನ್ನೆ, ಪಕ್ಕದಲ್ಲೊಂದು ಅಗುಳಿ, ಹೀಗೆ ಕಾವಲುಗಳನ್ನು ಹೂಡುತ್ತ ಹೋದ. ಅವನ 1910ರ ಮಾದರಿಯಲ್ಲಿ ಮೂರು ಕಾವಲುಗಳಿದ್ದವು. 1914ರ ಜೂನ್ 28ರಂದು ಸರಯೇವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ದಂಪತಿಗಳನ್ನು ಕೊಂದುದು ಇದೇ ಮಾದರಿಯ ಪಿಸ್ತೂಲು. ಕಾವಲುಗಳು ತಡೆಯಬಲ್ಲದ್ದು ಉದ್ದೇಶವಿಲ್ಲದ ಗುಂಡನ್ನು. ಉದ್ದೇಶವನ್ನಲ್ಲ ಎಂಬುದನ್ನು ಇತಿಹಾಸ ಇದಕ್ಕಿಂತ ಕ್ರೂರವಾಗಿ ಹೇಳಲಾರದು.

ಇದೇ ಕಾಲದಲ್ಲಿ ಅದೇ ಆಸ್ಟ್ರಿಯಾದಲ್ಲಿ ಬೇರೊಂದು ದಾರಿಯನ್ನು ಕಂಡುಕೊಂಡಿದ್ದರು. ಅಶ್ವದಳದ ಸವಾರನ ಕಷ್ಟವೇ ಬೇರೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಪಿಸ್ತೂಲು. ಕುದುರೆ ಬೆದರಿ ಹಾರಿದರೆ ಬೆರಳು ತಾನಾಗಿ ಬಿಗಿಯುತ್ತದೆ. ಅವನಿಗಾಗಿ ರೂಪುಗೊಂಡ 1907ರ ರಾತ್–ಸ್ಟಾಯರ್ ಪಿಸ್ತೂಲಿನಲ್ಲಿ ಸೂಜಿಯ ಸ್ಪ್ರಿಂಗನ್ನು ಅರ್ಧ ಮಾತ್ರ ಸೆಳೆದಿಡುತ್ತಿದ್ದರು. ಉಳಿದರ್ಧವನ್ನು ಬೆರಳು ಟ್ರಿಗರನ್ನು ಎಳೆಯುವ ಶ್ರಮದಿಂದಲೇ ಪೂರೈಸಬೇಕಿತ್ತು. ನಿಜವಾದ ಕುದುರೆಯ ಭಯದಿಂದಲೇ ಕುದುರೆಯಿಲ್ಲದ ಪಿಸ್ತೂಲಿಗೆ ಈ ಸಂಯಮ ಬಂದಿತೆನ್ನುವುದು ನಮ್ಮ ಭಾಷೆಯಲ್ಲಿ ಮಾತ್ರ ಸಾಧ್ಯವಾಗುವ ಒಂದು ಚಮತ್ಕಾರ. ಅಮೆರಿಕದ ಸೈನ್ಯವೂ ತನ್ನ 1911ರ ಪಿಸ್ತೂಲಿಗೆ ಹೆಬ್ಬೆರಳಿನ ಅಗುಳಿ ಬೇಕೆಂದು ಹಟಹಿಡಿದದ್ದು ಅಶ್ವದಳದ ಒತ್ತಾಯದಿಂದಲೇ.

ಮುಂದೆ ಅನೇಕ ದಶಕಗಳ ಕಾಲ ಕುದುರೆಯೇ ಮೇಲುಗೈ ಪಡೆಯಿತು. ಜರ್ಮನಿಯ ವಾಲ್ಟರ್ ಕಂಪನಿ 1929ರಲ್ಲಿ ತಂದ ಪಿಸ್ತೂಲಿನಲ್ಲಿ ಕುದುರೆಯನ್ನು ಅಪಾಯವಿಲ್ಲದೆ ಇಳಿಸಿಡುವ ಸನ್ನೆಯಿತ್ತು. ಮೊದಲ ಗುಂಡಿಗೆ ಟ್ರಿಗರನ್ನು ದೀರ್ಘವಾಗಿ, ಬಲವಾಗಿ ಎಳೆಯಬೇಕು. ಆ ದೀರ್ಘತೆಯೇ ರಕ್ಷಣೆ. ಅಮೆರಿಕದ ಪೊಲೀಸರು ನೆಚ್ಚಿಕೊಂಡಿದ್ದ ರಿವಾಲ್ವರಿನ ಗುಣವೂ ಇದೇ ಆಗಿತ್ತು.

ಈ ಚಿತ್ರ ಬದಲಾದುದು 1982ರಲ್ಲಿ. ಪರದೆಯ ಸರಳುಗಳನ್ನು ತಯಾರಿಸುತ್ತಿದ್ದ, ಅದುವರೆಗೆ ಪಿಸ್ತೂಲನ್ನು ವಿನ್ಯಾಸಗೊಳಿಸದ ಗ್ಯಾಸ್ಟನ್ ಗ್ಲಾಕ್ (1929–2023) ಎಂಬ ಆಸ್ಟ್ರಿಯಾದ ಉದ್ಯಮಿಯ ಪಿಸ್ತೂಲನ್ನು ಆ ದೇಶದ ಸೈನ್ಯ ಆರಿಸಿಕೊಂಡಿತು. ಮೈ ಪ್ಲಾಸ್ಟಿಕ್ಕಿನದು, ಹೊರಗೆ ಅಗುಳಿಯೇ ಇಲ್ಲ. ಕಾವಲುಗಳೆಲ್ಲ ಒಳಗಿನವು. ಟ್ರಿಗರಿನ ನಡುವಿನ ಸಣ್ಣ ನಾಲಗೆಯನ್ನು ಬೆರಳು ಒತ್ತದೆ ಟ್ರಿಗರು ಕದಲದು. ಸೂಜಿಯ ದಾರಿಗೆ ಅಡ್ಡವಾಗಿ ಒಂದು ತಡೆ. ಬಿದ್ದಾಗ ಸೂಜಿ ಜಾರದಂತೆ ಮತ್ತೊಂದು ತಡೆ. ರಾತ್–ಸ್ಟಾಯರಿನಂತೆ ಇಲ್ಲಿಯೂ ಸ್ಪ್ರಿಂಗು ಪೂರ್ತಿ ಸೆಳೆದಿರುವುದಿಲ್ಲ. ಉಳಿದುದನ್ನು ಬೆರಳು ಪೂರೈಸುತ್ತದೆ. ಅಗುಳಿಯನ್ನು ತೆಗೆಯಲು ಮರೆತು ಸತ್ತವರುಂಟು. ಹಾಕಲು ಮರೆತು ಕೊಂದವರೂ ಉಂಟು. ಆದ್ದರಿಂದ ಮರೆಯಬಹುದಾದ ಅಗುಳಿಯೇ ಬೇಡವೆಂಬುದು ಇದರ ಹಿಂದಿನ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ. ಪಿಸ್ತೂಲು ಬಿದ್ದರೆ ಹಾರದು. ಆದರೆ ಟ್ರಿಗರನ್ನು ಎಳೆದರೆ ಹಾರುತ್ತದೆ. ಎಳೆದುದು ಬೆರಳೋ, ಅಂಗಿಯ ಚುಂಗೋ, ಕೋಟಿನ ದಾರವೋ ಎಂದು ಅದು ವಿಚಾರಿಸದು.

1986ರ ಏಪ್ರಿಲ್‌ನಲ್ಲಿ ಮಯಾಮಿ ನಗರದ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತ ಮೇಲೆ, ಅಮೆರಿಕದ ಪೊಲೀಸರು ರಿವಾಲ್ವರನ್ನು ಬಿಟ್ಟು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲುಗಳತ್ತ ತಿರುಗಿದರು. ರಾಜಧಾನಿ ವಾಷಿಂಗ್ಟನ್ನಿನ ಪೊಲೀಸರು ಗ್ಲಾಕನ್ನು ತೆಗೆದುಕೊಂಡರು. ಅನಂತರದ ಹತ್ತು ವರ್ಷಗಳಲ್ಲಿ ಅಲ್ಲಿ 120ಕ್ಕೂ ಹೆಚ್ಚು ಸಲ ಗುಂಡು ಆಕಸ್ಮಿಕವಾಗಿ ಹಾರಿತೆಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 1998ರಲ್ಲಿ ಬಯಲುಮಾಡಿತು. ಹತ್ತೊಂಬತ್ತು ಮಂದಿ ಪೊಲೀಸರು ತಮಗೇ ಅಥವಾ ತಮ್ಮವರಿಗೇ ಗುಂಡು ಹೊಡೆದುಕೊಂಡಿದ್ದರು. ಯಂತ್ರ ಕೆಟ್ಟಿರಲಿಲ್ಲ, ಅದು ಹೇಳಿದಂತೆಯೇ ನಡೆದುಕೊಂಡಿತ್ತು. ಹಗುರವಾದ, ಗಿಡ್ಡವಾದ ಟ್ರಿಗರಿಗೆ ತಕ್ಕ ಶಿಕ್ಷಣ ಮಾತ್ರ ಕೈಗಳಿಗೆ ದೊರೆತಿರಲಿಲ್ಲ. ಈ ಪಿಸ್ತೂಲನ್ನು ಬಿಚ್ಚಿ ಒರೆಸಬೇಕಾದರೂ ಮೊದಲು ಟ್ರಿಗರನ್ನು ಎಳೆಯಬೇಕು. ಗೂಡಿನಲ್ಲಿ ತೋಟಾ ಉಳಿದಿದೆಯೇ ಎಂದು ನೋಡಲು ಮರೆತವನಿಗೆ ಆ ಕ್ಷಣವೇ ಗಂಡಾಂತರ. ನ್ಯೂಯಾರ್ಕಿನ ಪೊಲೀಸ್ ಇಲಾಖೆ ಬೇರೆ ಉಪಾಯ ಹೂಡಿ, ಸುಮಾರು ಐದೂವರೆ ಪೌಂಡಿನ ಎಳೆತಕ್ಕೆ ಬದಲು ಹನ್ನೆರಡು ಪೌಂಡಿನ ಬಿಗಿಯಾದ ಟ್ರಿಗರನ್ನು ಹಾಕಿಸಿತು. ಗುರಿ ಸ್ವಲ್ಪ ಕೆಡುವುದೆಂಬ ದೂರು ಬಂದಿತು. ರಕ್ಷಣೆಗೂ ಸಿದ್ಧತೆಗೂ ನಡುವಣ ಈ ಹಗ್ಗಜಗ್ಗಾಟ ಯಾವ ಕಾಲದಲ್ಲೂ ಮುಗಿಯುವಂಥದಲ್ಲ.

ನಾಗರಿಕರ ಪಾಡು ಇದಕ್ಕಿಂತ ಕಠಿಣ. ಪ್ಲಾಕ್ಸಿಕೊ ಬರೆಸ್ ಎಂಬ ಹೆಸರಾಂತ ಫುಟ್‌ಬಾಲ್ ಆಟಗಾರ 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದಕ್ಕೆ ಗ್ಲಾಕ್ ಪಿಸ್ತೂಲನ್ನು ಒರೆಯಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದ. ಅದು ಜಾರಿದಾಗ ಹಾರಿದ ಗುಂಡು ಅವನ ತೊಡೆಯನ್ನೇ ಹೊಕ್ಕಿತು. ಆ ನಗರದಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಹಿಡಿದುದಕ್ಕಾಗಿ 2009ರಲ್ಲಿ ಅವನಿಗೆ ಎರಡು ವರ್ಷಗಳ ಸೆರೆವಾಸವಾಯಿತು. ಬಲ್ಲವರು ಇಂಥ ಪಿಸ್ತೂಲಿನ ಅರ್ಧ ರಕ್ಷಣೆ ಒರೆಯಲ್ಲಿದೆ ಎನ್ನುವುದು ಇದಕ್ಕಾಗಿಯೇ. ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವ ಗಡುಸಾದ ಒರೆ ಬೇಕು. ಒರೆಗೆ ಸೇರಿಸುವಾಗ ಕಣ್ಣಿಟ್ಟು, ಬಟ್ಟೆಯನ್ನು ಸರಿಸಿ, ಸಾವಕಾಶವಾಗಿ ಸೇರಿಸಬೇಕು. ಪಿಸ್ತೂಲನ್ನು ಹೊರತೆಗೆಯಲು ಅವಸರವಿರಬಹುದು, ಒಳಗಿಡಲು ಅವಸರವೇನೂ ಇಲ್ಲ.

ಈವರೆಗೆ ಹೇಳಿದುದು ಕೈಯ ತಪ್ಪುಗಳ ಮಾತು. ಯಂತ್ರವೇ ತಪ್ಪಿದರೆ? ಸಿಗ್ ಸೌರ್ ಕಂಪನಿ 2014ರಲ್ಲಿ ತಂದ ಪಿ320 ಎಂಬ ಸ್ಟ್ರೈಕರ್ ಪಿಸ್ತೂಲಿನ ಮಾದರಿಯನ್ನು ಅಮೆರಿಕದ ಸೈನ್ಯ 2017ರ ಜನವರಿಯಲ್ಲಿ ಆರಿಸಿಕೊಂಡಿತು. ಇದರಲ್ಲಿ ಸ್ಪ್ರಿಂಗು ಹೆಚ್ಚುಕಡಿಮೆ ಪೂರ್ತಿ ಸೆಳೆದ ಸ್ಥಿತಿಯಲ್ಲೇ ಇರುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಸಂಗತಿ ಬೆಳಕಿಗೆ ಬಂದಿತು: ಪಿಸ್ತೂಲು ಹಿಂಬದಿಯ ಮೂಲೆ ಕೆಳಗಾಗಿ ಬಿದ್ದಾಗ, ಟ್ರಿಗರು ತನ್ನ ಭಾರದಿಂದಲೇ ಹಿಂದಕ್ಕೆ ಚಲಿಸಿ ಗುಂಡು ಹಾರಬಹುದು. ಕಂಪನಿ ಟ್ರಿಗರನ್ನು ಹಗುರಗೊಳಿಸಿ, ಹಳೆಯ ಪಿಸ್ತೂಲುಗಳನ್ನು ಉಚಿತವಾಗಿ ತಿದ್ದಿಕೊಡುವುದಾಗಿ ಸಾರಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಒರೆಯಲ್ಲಿದ್ದಾಗಲೇ ತಾನಾಗಿ ಹಾರಿತೆಂದು ದೂರಿದ ಮೊಕದ್ದಮೆಗಳು ಸಾಲುಗಟ್ಟಿದವು. ಅವುಗಳಲ್ಲಿ ಕೆಲವು ವಜಾ ಆದವು. 2024ರಲ್ಲಿ ಜಾರ್ಜಿಯಾದ ಮತ್ತು ಫಿಲಡೆಲ್ಫಿಯಾದ ಜ್ಯೂರಿಗಳು ಗಾಯಗೊಂಡವರ ಪರವಾಗಿ ತೀರ್ಪಿತ್ತವು. ಟ್ರಿಗರನ್ನು ಎಳೆಯದೆ ತನ್ನ ಪಿಸ್ತೂಲು ಹಾರದೆಂಬುದೇ ಕಂಪನಿಯ ವಾದ. ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಸೈನ್ಯ ತನಗಾಗಿ ತರಿಸಿಕೊಂಡ ಮಾದರಿಗೆ ಹೆಬ್ಬೆರಳಿನ ಅಗುಳಿಯಿತ್ತು. ನಾಗರಿಕರಿಗೂ ಪೊಲೀಸರಿಗೂ ಮಾರಿದ ಪಿಸ್ತೂಲುಗಳಲ್ಲಿ ಬಹುಪಾಲಿಗೆ ಅದಿರಲಿಲ್ಲ. ಅಶ್ವದಳ ಮರೆಯಾದರೂ ಅದರ ಎಚ್ಚರ ಸೈನ್ಯದಲ್ಲಿ ಉಳಿದಿತ್ತು.

ಅಮೆರಿಕದಲ್ಲಿ ಇಂದು ಎರಡು ಮಾತುಗಳ ನಡುವೆ ವಾಗ್ವಾದವಿದೆ. ಒಂದು, ಆಕಸ್ಮಿಕವಾಗಿ ಹಾರಿದ ಗುಂಡು. ಇನ್ನೊಂದು, ಅಜಾಗರೂಕತೆಯಿಂದ ಹಾರಿದ ಗುಂಡು. ಗುಂಡು ಹಾರಿದುದಕ್ಕೆಲ್ಲ ಕೈಯೇ ಕಾರಣವೆಂದು ಒಂದು ಪಕ್ಷ. ಮನುಷ್ಯನ ಕೈ ತಪ್ಪುತ್ತದೆಂಬುದನ್ನು ಬಲ್ಲ ವಿನ್ಯಾಸಕಾರ ಅದಕ್ಕೆ ಎಡೆಯಿಡಬಾರದಿತ್ತೆಂದು ಇನ್ನೊಂದು ಪಕ್ಷ. ಮೊದಲ ವಾದ ಯಂತ್ರವನ್ನು ನಿರ್ದೋಷಿಯಾಗಿಸುತ್ತದೆ. ಎರಡನೆಯದು ಮನುಷ್ಯನನ್ನು ಹೊಣೆಯಿಂದ ಬಿಡಿಸುತ್ತದೆ. ನೂರೈವತ್ತು ವರ್ಷಗಳ ಈ ಇತಿಹಾಸ ಎರಡಕ್ಕೂ ಪೂರ್ತಿಯಾಗಿ ಒಪ್ಪಿಗೆ ಕೊಡುವುದಿಲ್ಲ. ಐದೇ ತೋಟಾ ತುಂಬುತ್ತಿದ್ದವನ ಎಚ್ಚರವೂ ಬೇಕಾಗಿತ್ತು, ಅರ್ಧ ಸೆಳೆದ ಸ್ಪ್ರಿಂಗನ್ನು ಕಲ್ಪಿಸಿದವನ ವಿವೇಕವೂ ಬೇಕಾಗಿತ್ತು. ಕುದುರೆ ಹೊರಗಿದ್ದ ಕಾಲದಲ್ಲಿ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಎಚ್ಚರ ತಪ್ಪಿದವನಿಗೆ ಅದು ಒಮ್ಮೆ ನೆನಪನ್ನಾದರೂ ತರುತ್ತಿತ್ತು. ಈಗ ಅದು ಒಳಗೆ ಅಡಗಿದೆ. ನೆನಪಿಡುವ ಕೆಲಸವೆಲ್ಲ, ಅದನ್ನು ಸೊಂಟಕ್ಕೆ ಕಟ್ಟಿಕೊಂಡವನ ಪಾಲಿಗೆ ಬಂದಿದೆ.