ಕಡಲು ದಾಟಿದ ದಾದಿಯರು

ಹದಿನೆಂಟು ವರ್ಷದ ಹುಡುಗಿಯೊಬ್ಬಳು ಒಂದು ಪೆಟ್ಟಿಗೆ ಹಿಡಿದು ರಾತ್ರಿಯ ಹಡಗು ಹತ್ತುವುದನ್ನು ಊಹಿಸಿಕೊಳ್ಳಿ. ಹಡಗು ಹೊರಡುವುದು ಡಬ್ಲಿನ್ ಬಳಿಯ ಡನ್ ಲೀರಿ ಬಂದರಿನಿಂದ, ಸೇರುವುದು ವೇಲ್ಸಿನ ಹಾಲಿಹೆಡ್ಡಿಗೆ. ಅಲ್ಲಿಂದ ರೈಲು ಹಿಡಿದರೆ ಲಂಡನ್ನೋ ಮ್ಯಾಂಚೆಸ್ಟರೋ. ಎರಡನೆಯ ಮಹಾಯುದ್ಧದಿಂದ ಮುಂದೆ ಕೆಲವು ದಶಕಗಳ ಕಾಲ ಸಾವಿರಾರು ಐರಿಷ್ ಹುಡುಗಿಯರು ದಾದಿಯರಾಗಲು ಹೀಗೆ ಮನೆ ಬಿಟ್ಟರು.

ಬಡತನವೇ ಅವರನ್ನು ಅಟ್ಟಿತೆಂದರೆ ಅರ್ಧ ಮಾತಷ್ಟೇ ಆಡಿದಂತಾಯಿತು. ಐರ್ಲೆಂಡಿನಲ್ಲಿ ಆಸ್ಪತ್ರೆಗಳಿರಲಿಲ್ಲವೆ? ಇದ್ದುವು. ಆದರೆ ಅವುಗಳಲ್ಲಿ ಅನೇಕವು ಕೆಲಸ ಕಲಿಯಬಂದವಳಿಂದಲೇ ಶುಲ್ಕ ಕೇಳುತ್ತಿದ್ದುವು. ನಾಲ್ಕು ಹಸು ಕಟ್ಟಿಕೊಂಡ, ಮನೆತುಂಬ ಮಕ್ಕಳಿರುವ ರೈತ ಆ ಹಣವನ್ನು ಎಲ್ಲಿಂದ ತಂದಾನು? ಕಡಲಾಚೆಯ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಊಟ, ವಸತಿಗಳ ಏರ್ಪಾಡಿತ್ತು. ಕಲಿಯುವಾಗಲೇ ಕೈಗಿಷ್ಟು ಕಾಸೂ ಬರುತ್ತಿತ್ತು. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಅದಕ್ಕೆ ದಾದಿಯರು ಸಾಲದೆ ಹೋದರು. ಇಂಗ್ಲೆಂಡಿನ ಆಸ್ಪತ್ರೆಗಳು ಐರಿಷ್ ಪತ್ರಿಕೆಗಳಲ್ಲೇ ಜಾಹೀರಾತು ಹಾಕಿಸಿದುವು.

ಹೋದಲ್ಲಿ ಸುಖದ ಸುಪ್ಪತ್ತಿಗೆಯೇನೂ ಕಾದಿರಲಿಲ್ಲ. ಮೇಟ್ರನ್ ವಾರ್ಡಿಗೆ ಬಂದರೆ ಹಾಸಿಗೆಯ ಮಡಿಕೆಯೂ ನೇರವಾಗಿರಬೇಕು. ದಾದಿಯರ ವಸತಿಗೃಹದ ಬಾಗಿಲು ರಾತ್ರಿ ಗೊತ್ತಾದ ಹೊತ್ತಿಗೆ ಮುಚ್ಚುತ್ತಿತ್ತು. ತಡವಾಗಿ ಬಂದವಳಿಗೆ ಗೆಳತಿ ತೆರೆದಿಟ್ಟ ಕಿಟಕಿಯೇ ಗತಿ! ಸನ್ಯಾಸಿನಿಯರ ಶಾಲೆಯಲ್ಲಿ ಓದಿ ಬಂದವರಿಗೆ ಈ ಕಟ್ಟುನಿಟ್ಟು ಅಷ್ಟೇನೂ ಹೊಸದಾಗಿ ಕಂಡಿರಲಾರದು. ಕೈಗೆ ಬಂದದ್ದರಲ್ಲಿ ಒಂದು ಪಾಲು ಊರಿಗೆ ಹೋಗುತ್ತಿತ್ತು. ತಮ್ಮನ ಓದಿಗೆ, ಮನೆಯ ಸೂರಿಗೆ ಆ ಹಣವೇ ಆಧಾರವಾದ ಕುಟುಂಬಗಳು ಎಷ್ಟೋ.

ಮರಳಿ ಹೋಗಬೇಕೆಂಬ ಆಸೆ ಹಲವರಲ್ಲಿತ್ತು. ಆದರೆ ಐರ್ಲೆಂಡಿನ ಸರಕಾರಿ ಕೆಲಸದಲ್ಲಿದ್ದ ಹೆಣ್ಣು ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ಕಟ್ಟಳೆ 1973ರವರೆಗೂ ಇತ್ತು. 1971ರ ಹೊತ್ತಿಗೆ ಬ್ರಿಟನ್ನಿನಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ದಾದಿಯರು ಸುಮಾರು 31 ಸಾವಿರ ಮಂದಿ. ಎಂದರೆ ನೂರಕ್ಕೆ ಹನ್ನೆರಡು.

1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಎರಡು ಮದ್ಯದಂಗಡಿಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಗುಮಾನಿ ಐರಿಷ್ ಬಂಡುಕೋರರ ಮೇಲೆ. ಕೋಪ ತಿರುಗಿದ್ದು ಐರಿಷರೆಲ್ಲರ ಮೇಲೆ. ಬಾಯಿ ತೆರೆದರೆ ಉಚ್ಚಾರಣೆಯಿಂದಲೇ ಗುರುತು ಸಿಕ್ಕೀತೆಂದು ಬಸ್ಸಿನಲ್ಲಿ, ಅಂಗಡಿಯಲ್ಲಿ ಮೂಕರಂತೆ ಇದ್ದವರುಂಟು. ವಾರ್ಡಿನಲ್ಲಿ ದಾದಿ ಮೂಕಳಾಗಿರುವುದು ಹೇಗೆ? ನರಳುವವನನ್ನು ಮಾತನಾಡಿಸಲೇಬೇಕಲ್ಲ.

ಈಗ ಐರ್ಲೆಂಡಿನ ಆಸ್ಪತ್ರೆಗಳೇ ಹೊರದೇಶದ ದಾದಿಯರನ್ನು ಕರೆಸಿಕೊಳ್ಳುತ್ತಿವೆ. ಅಲ್ಲಿಗೆ ಹೋದವರಲ್ಲಿ ಭಾರತೀಯರು ಬಹಳ. ಕೇರಳದವರು ಹೆಚ್ಚು, ನಮ್ಮ ಬೆಂಗಳೂರು, ಮಂಗಳೂರುಗಳಲ್ಲಿ ಕಲಿತು ಹೋದವರೂ ಇದ್ದಾರೆ.