ಉಪ್ಪುನೀರಿನ ಈಜುಕೊಳದ ಮಸುಕು: ರಾಯಚೂರು, ದೇವದುರ್ಗ, ಮಾನ್ವಿಯ ನೀರಿನ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

1. ವ್ಯಾಪ್ತಿ

ಮನೆಯ ಹಿತ್ತಲಿನ ಉಪ್ಪುನೀರಿನ ಕೊಳ ಮಸುಕಾದಾಗ ಅನುಸರಿಸುವ ಪರೀಕ್ಷಾಕ್ರಮಗಳು ಬಹುಪಾಲು ಒಂದೇ ಊಹೆಯಿಂದ ಹೊರಡುತ್ತವೆ: ತುಂಬಿಸಿದ ನೀರು ಮೃದು ಮತ್ತು ಶುದ್ಧ; ಆದ್ದರಿಂದ ದೋಷ ಕ್ಲೋರಿನ್ನಿನಲ್ಲೋ ಫಿಲ್ಟರಿನಲ್ಲೋ ಇರಬೇಕು. ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿನಲ್ಲಿ ಈ ಊಹೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ಇಂಥ ಕೊಳಗಳು ಈ ಭಾಗದಲ್ಲಿ ವಿರಳ. ಈಜು ಕಲಿಯುವುದು ಇಲ್ಲಿ ಬಹುಕಾಲ ಬಾವಿಯಲ್ಲಿಯೇ ನಡೆದಿದೆ. ಆದ್ದರಿಂದ ಈ ಟಿಪ್ಪಣಿ ಯಾವುದೇ ಒಂದು ಕೊಳದ ವರದಿಯಲ್ಲ. ನೀರಿನ ಮೂಲದಿಂದ ಹೊರಟರೆ ಮಸುಕಿನ ಕಾರಣವನ್ನು ಯಾವ ಅನುಕ್ರಮದಲ್ಲಿ ಶಂಕಿಸಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

‘ಉಪ್ಪುನೀರು’ ಎಂಬುದು ಸಮುದ್ರದ ನೀರಲ್ಲ. ಲೀಟರಿಗೆ ಸುಮಾರು 3 ಗ್ರಾಂ ಉಪ್ಪು ಸಾಕು. ಸಮುದ್ರದಲ್ಲಿ ಅದು ಸುಮಾರು 35 ಗ್ರಾಂ. ವಿದ್ಯುದ್ವಿಭಜನೆಯ ಕೋಶ ಆ ಉಪ್ಪಿನಿಂದಲೇ ಕ್ಲೋರಿನ್ ಉತ್ಪಾದಿಸುತ್ತದೆ. ಅಂದರೆ ಇದೂ ಕ್ಲೋರಿನ್ ಕೊಳವೇ. ವ್ಯತ್ಯಾಸವಿರುವುದು ಕ್ಲೋರಿನ್ ಬರುವ ದಾರಿಯಲ್ಲಿ ಮತ್ತು, ಮುಂದೆ ಕಾಣುವಂತೆ, ಪಿಎಚ್ ಸರಿಯುವ ದಿಕ್ಕಿನಲ್ಲಿ.

2. ನೀರಿನ ಮೂಲಗಳು

ರಾಯಚೂರು ನಗರಕ್ಕೆ ಎರಡೂ ನದಿಗಳ ನೀರು ಬರುತ್ತದೆ. ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದೆ. ದೇವದುರ್ಗದ ಕಡೆಗೆ ಬರುವುದು ನಾರಾಯಣಪುರ ಬಲದಂಡೆ ಕಾಲುವೆ. ಮೂರು ಕಡೆಯೂ ಇವುಗಳ ಜೊತೆಗೆ ಕೊಳವೆಬಾವಿಗಳಿವೆ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಖಾಸಗಿ ಕೊಳಕ್ಕೆ ಉಳಿಯುವುದು ಬಹುಶಃ ಅವೇ.

ಕಾಲುವೆ ನೀರು ತರುವುದು ಕೆಸರು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2008ರ ಸಮೀಕ್ಷೆ 100.855 ಎಂದರೆ, 2016ರದ್ದು 105.788 ಎನ್ನುತ್ತದೆ. ನಂತರದ ಅಂಕಿ ದೊಡ್ಡದಾಗಿರುವುದನ್ನು ಹೂಳು ಕರಗಿದ್ದಕ್ಕೆ ಸಾಕ್ಷಿಯೆಂದು ಓದಬಾರದು. ಅಳತೆಯ ವಿಧಾನದ ವ್ಯತ್ಯಾಸವೆಂದು ಓದುವುದು ಹೆಚ್ಚು ಸುರಕ್ಷಿತ. ಅಣೆಕಟ್ಟಿನ ಕೆಳಗೆ ಕಾಲುವೆ ಎರೆಭೂಮಿಯನ್ನೂ ಭತ್ತದ ಗದ್ದೆಗಳನ್ನೂ ಹಾದು ಬರುವುದರಿಂದ ನುಣುಪು ಜೇಡಿ, ಗೊಬ್ಬರದಿಂದ ಬಂದ ಸಾರಜನಕ ಎರಡೂ ಅದರಲ್ಲಿ ಸೇರುವ ಸಾಧ್ಯತೆಯಿದೆ.

ಕೊಳವೆಬಾವಿಯ ನೀರಿನ ಸ್ವಭಾವ ಬೇರೆ. ನೈಸ್ ಮತ್ತು ಗ್ರಾನೈಟ್ ಬಂಡೆಯ ಬಿರುಕುಗಳಿಂದ ಮೇಲೆ ಬರುವ ಇದು ನೋಡಲು ತಿಳಿ. ಆದರೆ ಹಲವೆಡೆ ಗಡಸು, ಕೆಲವೆಡೆ ಸವಳು. ಫ್ಲೋರೈಡಿನ ತೊಂದರೆಯೂ ಜಿಲ್ಲೆಗೆ ಹೊಸದಲ್ಲ, ಆದರೆ ಮಸುಕಿನ ವಿಚಾರಕ್ಕೆ ಅದು ಬರುವುದಿಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500:2012 ಒಟ್ಟು ಗಡಸುತನಕ್ಕೆ 200 ಮಿ.ಗ್ರಾಂ./ಲೀ. ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 600 ಎಂದು ಹೇಳುತ್ತದೆ. ಕ್ಷಾರೀಯತೆಗೂ ಅವೇ ಅಂಕಿಗಳು. ಕುಡಿಯಲು ‘ಅನುಮತಿಸಬಹುದಾದ’ 600 ಈಜುಕೊಳಕ್ಕೆ ಅತಿ ಹೆಚ್ಚು.

3. ಗಾಜಿನ ಲೋಟದ ಪರೀಕ್ಷೆ

ನೀರಿನ ಪರೀಕ್ಷಾ ಕಿಟ್ ತೆರೆಯುವ ಮೊದಲು ಸ್ವಚ್ಛ ಗಾಜಿನ ಲೋಟದಲ್ಲಿ ಕೊಳದ ನೀರು ತೆಗೆದುಕೊಂಡರೆ ನಾಲ್ಕು ಬಗೆಗಳನ್ನು ತಾತ್ಕಾಲಿಕವಾಗಿ ಬೇರ್ಪಡಿಸಬಹುದು.

ಅ. ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಯ ಗುಳ್ಳೆ. ಪಂಪಿನ ಹೀರುಕೊಳವೆಯಲ್ಲಿ ಸೋರಿಕೆ ಇರಬಹುದು. ಕೋಶದಿಂದ ಹೊರಬೀಳುವ ಜಲಜನಕವೂ ಹೀಗೆ ಕಾಣಬಹುದು.

ಆ. ಕೆಲವು ಹನಿ ಆಮ್ಲ ಬಿಟ್ಟಾಗ (ನಿಂಬೆರಸವೂ ಆದೀತು, ಸ್ವಲ್ಪ ಹೆಚ್ಚು ಬೇಕು) ಮಸುಕು ಮಾಯವಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಊಹಿಸಬಹುದು.

ಇ. ಆಮ್ಲಕ್ಕೆ ಬಗ್ಗದೆ, ರಾತ್ರಿಯಿಡೀ ಇಟ್ಟಾಗ ತಳದಲ್ಲಿ ಬೂದು ಅಥವಾ ಕಂದು ಪದರ ಬಿಟ್ಟರೆ ಜೇಡಿ.

ಈ. ಆಮ್ಲಕ್ಕೂ ಬಗ್ಗದೆ ತಳಕ್ಕೂ ಇಳಿಯದೆ ಹಸಿರು ಛಾಯೆ ತೋರಿದರೆ ಪಾಚಿ. ಛಾಯೆ ಇಲ್ಲದಿದ್ದರೂ ಪಾಚಿಯನ್ನು ತಳ್ಳಿಹಾಕಲಾಗದು; ಅದಕ್ಕೆ 7ನೇ ಭಾಗದ ರಾತ್ರಿ ಪರೀಕ್ಷೆ ಬೇಕು.

ಇದರ ಜೊತೆಗೆ ಕಾಲದ ಸೂಚನೆಯೊಂದಿದೆ. ಲೀಟರಿಗೆ 3 ಗ್ರಾಂ ಉಪ್ಪೆಂದರೆ ಸುಮಾರು 50 ಮಿಲಿಮೋಲ್. ಈ ಸಾಂದ್ರತೆಯಲ್ಲಿ ಜೇಡಿಯ ಕಣಗಳು ಗುಂಪುಗೂಡಿ ಇಳಿಯುವ ಒಲವು ತೋರುತ್ತವೆ. ನದಿ ಸಮುದ್ರ ಸೇರುವಲ್ಲಿ ಹೂಳು ಕೂರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಉಪ್ಪು ಹಾಕುವ ಮೊದಲೇ ಇದ್ದು ನಂತರ ಕಡಿಮೆಯಾದ ಮಸುಕು ಜೇಡಿಯದಾಗಿರುವ ಸಂಭವ ಹೆಚ್ಚು. ಉಪ್ಪು ಹಾಕಿ ಕೋಶ ಓಡಿಸಿದ ಮೇಲೆಯೇ ಹುಟ್ಟಿದ ಮಸುಕಿಗೆ ಜೇಡಿಯನ್ನು ದೂರುವ ಮೊದಲು ಕಾರ್ಬೊನೇಟನ್ನೂ ಉಪ್ಪಿನ ಕಲ್ಮಶವನ್ನೂ ನೋಡಬೇಕು. ಶುದ್ಧೀಕರಿಸದ ಹರಳುಪ್ಪಿನಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದು ಸಾಮಾನ್ಯ. ಈ ಅನುಮಾನಸರಣಿ ರಸಾಯನಶಾಸ್ತ್ರದಿಂದ ಹೊರಟದ್ದು. ಸಾವಯವ ಪದಾರ್ಥ ಅಥವಾ ಫಾಸ್ಫೇಟ್ ಹೆಚ್ಚಿರುವ ನೀರಿನಲ್ಲಿ ಜೇಡಿ ಹೀಗೆ ವರ್ತಿಸದಿರಬಹುದು.

4. ಕಾರ್ಬೊನೇಟಿನ ಲೆಕ್ಕ

ಕೊಳವೆಬಾವಿಯ ನೀರು ತಿಳಿಯಾಗಿ ಬಂದು ಮರುದಿನ ಹಾಲು ಬೆರೆತಂತಾಗುವುದಕ್ಕೆ ವಿವರಣೆ ಸರಳ. ನೆಲದೊಳಗೆ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಪಿಎಚ್ ಏರುತ್ತದೆ, ಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್) ಹೊರಬೀಳುತ್ತದೆ. ಉಪ್ಪುನೀರಿನ ಕೊಳದಲ್ಲಿ ಇದೇ ಕ್ರಿಯೆಗೆ ಯಂತ್ರದ ನೆರವೂ ಸಿಗುತ್ತದೆ. ಕೋಶದಲ್ಲಿ ಹುಟ್ಟುವ ಸೋಡಿಯಂ ಹೈಡ್ರಾಕ್ಸೈಡೇ ಪಿಎಚ್ ಏರಿಸುತ್ತದೆ ಎಂಬ ವಿವರಣೆ ಪ್ರಚಲಿತವಾಗಿದ್ದರೂ ಅಪೂರ್ಣ: ಕ್ಲೋರಿನ್ ಬಳಕೆಯಾದಾಗ ಹುಟ್ಟುವ ಆಮ್ಲ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಉಳಿಯುವ ಏರಿಕೆ ಹೆಚ್ಚಾಗಿ ಜಲಜನಕದ ಗುಳ್ಳೆಗಳೂ ನೀರಿನ ಕಲಕಾಟವೂ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದರಿಂದ ಆಗುವಂಥದ್ದು. ಕ್ಷಾರೀಯತೆ ಹೆಚ್ಚಿದ್ದಷ್ಟೂ ಈ ಏರಿಕೆ ವೇಗವಾಗುತ್ತದೆ. ಕ್ಯಾಥೋಡಿನ ಮೇಲ್ಮೈಯಲ್ಲಿ ಮಾತ್ರ ಪಿಎಚ್ ಸ್ಥಳೀಯವಾಗಿ ಬಹಳ ಹೆಚ್ಚಿರುವುದರಿಂದ ಅಲ್ಲಿ ಸುಣ್ಣ ಕಟ್ಟುತ್ತದೆ. ಧ್ರುವ ಬದಲಿಸಿ ಸ್ವಚ್ಛಗೊಳ್ಳುವ ಕೋಶಗಳಿಂದ ಅದು ಬಿಳಿ ಚಕ್ಕೆಯಾಗಿ ಕೊಳಕ್ಕೆ ಬೀಳುತ್ತದೆ.

ಸುಣ್ಣ ಹೊರಬೀಳುವ ಒಲವನ್ನು ಅಳೆಯುವ ಸಾಧನ 1936ರಲ್ಲಿ ಲ್ಯಾಂಜಿಲಿಯರ್ ಮಂಡಿಸಿದ ಸೂಚ್ಯಂಕ. ಕೊಳಗಳಿಗೆ ಬಳಸುವ ಸರಳ ರೂಪದಲ್ಲಿ ಪಿಎಚ್, ತಾಪಮಾನದ ಅಂಶ, ಕ್ಯಾಲ್ಸಿಯಂ ಗಡಸುತನದ ಅಂಶ, ಕ್ಷಾರೀಯತೆಯ ಅಂಶ ಇವನ್ನು ಕೂಡಿಸಿ 12.1 ಕಳೆಯುತ್ತಾರೆ, ಉಪ್ಪಿನ ಕೊಳಕ್ಕೆ 12.2 ಹೆಚ್ಚು ಸೂಕ್ತ. ಫಲ −0.3 ಮತ್ತು +0.3ರ ನಡುವೆ ಇರಬೇಕು.

ಉದಾಹರಣೆಗೆ (ಅಂಕಿಗಳು ಕಲ್ಪಿತ): ಬೇಸಿಗೆಯ ಕೊಳ, ನೀರಿನ ತಾಪಮಾನ 34 ಡಿಗ್ರಿ, ಪಿಎಚ್ 8.0, ಕ್ಯಾಲ್ಸಿಯಂ ಗಡಸುತನ 400, ಕ್ಷಾರೀಯತೆ 300. ಲೆಕ್ಕ: 8.0 + 0.8 + 2.2 + 2.5 − 12.2 = 1.3. ಮಸುಕಿಗೆ ಬೇರೆ ಕಾರಣ ಹುಡುಕುವ ಅಗತ್ಯ ಬೀಳದಷ್ಟು ದೊಡ್ಡ ಅಂಕಿ. ಪಿಎಚ್ ಒಂದನ್ನೇ 7.2ಕ್ಕೆ ಇಳಿಸಿದರೂ 0.5 ಉಳಿಯುತ್ತದೆ, ಅದೂ ಕೆಲವೇ ದಿನ. ಕ್ಷಾರೀಯತೆಯನ್ನು 80ಕ್ಕೆ ತಂದು ಪಿಎಚ್ 7.4ರಲ್ಲಿ ಇಟ್ಟರೆ 0.1. ಹೀಗಾಗಿ ತಿದ್ದಬೇಕಾದ್ದು ಮುಖ್ಯವಾಗಿ ಕ್ಷಾರೀಯತೆ. 50,000 ಲೀಟರಿನ ಕೊಳದಲ್ಲಿ ಅದನ್ನು ಲೀಟರಿಗೆ 100 ಮಿ.ಗ್ರಾಂ. ಇಳಿಸಲು ಶೇ. 33ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 9.5 ಲೀಟರ್ ಬೇಕಾಗುತ್ತದೆ. ಅದನ್ನು ಹಲವು ಕಂತುಗಳಲ್ಲಿ, ನಡುನಡುವೆ ಪಿಎಚ್ ಅಳೆಯುತ್ತ ಹಾಕಬೇಕು.

ಆವಿಯಾಗುವಿಕೆ ಈ ಲೆಕ್ಕವನ್ನು ಪ್ರತಿ ತಿಂಗಳೂ ಕೆಡಿಸುತ್ತದೆ. 1.25 ಮೀಟರ್ ಆಳದ ಕೊಳದಿಂದ ದಿನಕ್ಕೆ 6 ಮಿ.ಮೀ. ಆರಿತೆಂದು ಇಟ್ಟುಕೊಂಡರೆ 30 ದಿನಕ್ಕೆ 180 ಮಿ.ಮೀ., ಅಂದರೆ ಶೇ. 14.4. ಗಡಸುತನ 500 ಇರುವ ನೀರನ್ನು ಮೇಲುತುಂಬಿದರೆ ತಿಂಗಳಿಗೆ ಪ್ರತಿ ಲೀಟರಿಗೆ ಸುಮಾರು 72 ಮಿ.ಗ್ರಾಂ. ಸೇರುತ್ತದೆ. ಆರುವುದು ನೀರು, ಉಳಿಯುವುದು ಸುಣ್ಣ.

5. ವರದಿಗಳಲ್ಲಿನ ಹೊಂದಾಣಿಕೆಯಿಲ್ಲದ ಅಂಕಿಗಳು

ಒಂದೇ ನೀರಿಗೆ ಎರಡು ವರದಿಗಳು ಬೇರೆ ಬೇರೆ ಹೇಳಿದಾಗ ಮೊದಲು ಏಕಮಾನ ನೋಡಬೇಕು. ‘ಕ್ಯಾಲ್ಸಿಯಂ 120’ ಎಂಬುದು ಅಯಾನಿನ ಅಂಕಿಯಾದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 2.5ರಿಂದ ಗುಣಿಸಿ 300 ಎಂದು ಓದಬೇಕು. ‘ಒಟ್ಟು ಗಡಸುತನ’ದಲ್ಲಿ ಮೆಗ್ನೀಸಿಯಂ ಕೂಡ ಸೇರಿರುತ್ತದೆ, ಸೂಚ್ಯಂಕಕ್ಕೆ ಬೇಕಾದ್ದು ಕ್ಯಾಲ್ಸಿಯಂ ಭಾಗ ಮಾತ್ರ. ಇಡಿಟಿಎ ಟೈಟ್ರೇಶನ್ ಪಿಎಚ್ 10ರಲ್ಲಿ ಒಟ್ಟನ್ನು ಕೊಡುತ್ತದೆ, 12ರ ಮೇಲೆ ಕ್ಯಾಲ್ಸಿಯಮನ್ನು.

ಉಪ್ಪಿನ ಅಂಕಿಯಲ್ಲೂ ಹೀಗೆಯೇ. ಪಟ್ಟಿ ಪರೀಕ್ಷೆ ಅಳೆಯುವುದು ಕ್ಲೋರೈಡನ್ನು, ಅದನ್ನು 1.65ರಿಂದ ಗುಣಿಸಿದರೆ ಉಪ್ಪು. ವಾಹಕತೆಯ ಮೀಟರ್ ಬೈಕಾರ್ಬೊನೇಟ್, ಸಲ್ಫೇಟುಗಳನ್ನೂ ಉಪ್ಪೆಂದೇ ಎಣಿಸುವುದರಿಂದ ಇಲ್ಲಿನ ಅಂತರ್ಜಲದಲ್ಲಿ ಅದರ ಅಂಕಿ ಹೆಚ್ಚಾಗಿ ಕಾಣುವ ಸಾಧ್ಯತೆಯಿದೆ. ಕೋಶದ ಫಲಕಗಳಿಗೆ ಸುಣ್ಣ ಕಟ್ಟಿದ್ದರೆ ಯಂತ್ರದ ಪರದೆ ಇದಕ್ಕೆ ವಿರುದ್ಧವಾಗಿ ಕಡಿಮೆ ತೋರಿಸಬಹುದು. ಅದನ್ನು ನಂಬಿ ಇನ್ನೊಂದು ಮೂಟೆ ಉಪ್ಪು ಸುರಿಯುವುದು ಸಾಮಾನ್ಯ. ಸವಳು ಬಾವಿಯಾದರೆ ಮೊದಲ ಉಪ್ಪಿಗೂ ಲೆಕ್ಕ ಬೇಕು: ಕ್ಲೋರೈಡ್ 600 ಇರುವ ನೀರಿನಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಉಪ್ಪಿಗೆ ಸಮನಾದದ್ದು ಮೊದಲೇ ಇದೆ; 50,000 ಲೀಟರಿಗೆ 150 ಕೆ.ಜಿ. ಬದಲು 100 ಕೆ.ಜಿ. ಸಾಕು.

6. ರೂಢಿಯ ಮದ್ದುಗಳು

ಬ್ಲೀಚಿಂಗ್ ಪೌಡರ್. ಬಾವಿಗೆ ಹಾಕುವ ಅಭ್ಯಾಸದಿಂದ ಕೊಳಕ್ಕೂ ಹಾಕುವುದುಂಟು. ಅದರಲ್ಲಿ ಕ್ಲೋರಿನ್ನಿನ ಜೊತೆಗೆ ಸುಣ್ಣವಿದೆ. ಸೂಚ್ಯಂಕ ಈಗಾಗಲೇ ಧನವಾಗಿರುವ ನೀರಿನಲ್ಲಿ ಮಸುಕು ಹೆಚ್ಚುವುದು ನಿರೀಕ್ಷಿತ. ಹೆಚ್ಚುವರಿ ಕ್ಲೋರಿನ್ ಬೇಕಿದ್ದರೆ ದ್ರವ ಸೋಡಿಯಂ ಹೈಪೊಕ್ಲೋರೈಟ್ ವಾಸಿ. ಇವೆರಡರಲ್ಲಿ ಯಾವುದನ್ನೂ ಆಮ್ಲದ ಜೊತೆ ಒಂದೇ ಬಕೆಟಿನಲ್ಲಿ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಪಟಿಕ. ಜೇಡಿಗೆ ಇದು ಸರಿಯಾದ ಮದ್ದು, ಷರತ್ತಿನೊಂದಿಗೆ. ಪಿಎಚ್ ಸರಿಸುಮಾರು 6ರಿಂದ 7.5ರೊಳಗೆ ಇದ್ದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಮುದ್ದೆಗಳು ಕಣಗಳನ್ನು ಹಿಡಿದು ಇಳಿಯುತ್ತವೆ. ಪಿಎಚ್ 8 ದಾಟಿದಲ್ಲಿ ಅಲ್ಯೂಮಿನಿಯಂನ ಒಂದು ಭಾಗ ಕರಗಿಯೇ ಉಳಿದು, ಮುಂದೆ ಪಿಎಚ್ ಇಳಿದಾಗ ತಾನೇ ಹೊಸ ಮಸುಕಾಗಬಹುದು. ‘ಪಟಿಕ ಹಾಕಿದರೂ ತಿಳಿಯಾಗಲಿಲ್ಲ’ ಎಂಬ ದೂರಿನಲ್ಲಿ ಪಿಎಚ್ ಎಷ್ಟಿತ್ತು ಎಂಬುದು ಸಾಮಾನ್ಯವಾಗಿ ದಾಖಲಾಗಿರುವುದಿಲ್ಲ. ಕಾರ್ಬೊನೇಟ್ ಮಸುಕನ್ನೂ ಪಟಿಕ ಕೆಲಮಟ್ಟಿಗೆ ಇಳಿಸೀತು. ಕಾರಣ ಹಾಗೆಯೇ ಉಳಿಯುವುದರಿಂದ ಮಸುಕು ಮರಳುತ್ತದೆ.

ಚಿಲ್ಲದ ಬೀಜ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯ (ಮುದ್ರಣಭೇದದಿಂದ 53 ಅಥವಾ 54) ಅಂಜನ, ಮುಸ್ತೆ, ಲಾವಂಚ, ರಾಜಕೋಶಾತಕ, ನೆಲ್ಲಿಗಳ ಪುಡಿಯನ್ನು ಕತಕಫಲದೊಂದಿಗೆ ಬಾವಿಗೆ ಹಾಕಲು ಹೇಳುತ್ತದೆ. ಕದಡಿದ, ಕಹಿ, ಉಪ್ಪು ನೀರು ಇದರಿಂದ ಸರಿಹೋಗುತ್ತದೆಂಬುದು ಅಲ್ಲಿನ ಮಾತು. ಕತಕವೇ ಚಿಲ್ಲ. ಕದಡಿದ ನೀರಿನ ಮಟ್ಟಿಗೆ ಈ ಮಾತಿಗೆ ಆಧಾರವಿದೆ, ಬೀಜದ ಸಾರಕ್ಕೆ ಕಣಗಳನ್ನು ಗುಂಪುಗೂಡಿಸುವ ಗುಣವಿದೆ. ಉಪ್ಪಿನ ಮಟ್ಟಿಗೆ ಇಲ್ಲ: ಕರಗಿದ ಲವಣವನ್ನು ಅದು ತೆಗೆಯಲಾರದು. ಕ್ಲೋರಿನ್ ಇರುವ ಕೊಳದಲ್ಲಂತೂ ಬೀಜದ ಸಾವಯವ ಸಾರವೇ ಕ್ಲೋರಿನ್ ತಿನ್ನುವುದರಿಂದ ಇದನ್ನು ಶಿಫಾರಸು ಮಾಡಲಾಗದು.

7. ಕ್ಲೋರಿನ್: ಸಂಕ್ಷೇಪವಾಗಿ

ಸೂರ್ಯಾಸ್ತದ ನಂತರ ಕೋಶ ನಿಲ್ಲಿಸಿ ಮುಕ್ತ ಕ್ಲೋರಿನ್ ಅಳೆದು, ಸೂರ್ಯೋದಯಕ್ಕೆ ಮುನ್ನ ಮತ್ತೆ ಅಳೆಯಬೇಕು. ಇಳಿಕೆ ಲೀಟರಿಗೆ 1 ಮಿ.ಗ್ರಾಂ. ಮೀರಿದರೆ ಪಾಚಿ ಅಥವಾ ಸಾವಯವ ಪದಾರ್ಥವನ್ನು ಶಂಕಿಸಬಹುದು. ಗದ್ದೆಬದಿಯ ನೀರಾದರೆ ಅಮೋನಿಯಾವನ್ನೂ. ಹಳದಿ ಬಣ್ಣ ತೋರುವ ಓಟಿಒ ದ್ರಾವಣದಿಂದ ಈ ಪರೀಕ್ಷೆ ಆಗದು, ಅದು ಕೊಡುವುದು ಒಟ್ಟು ಕ್ಲೋರಿನ್; ಮುಕ್ತ ಕ್ಲೋರಿನ್ನನ್ನು ಬೇರೆಯಾಗಿ ತೋರಿಸುವ ಡಿಪಿಡಿ ಕಾರಕ ಬೇಕು. ಕ್ಲೋರಿನ್ ಅತಿಯಾದಾಗ ಡಿಪಿಡಿ ಬಣ್ಣವೇ ಬಿಳಿಚಿ ಸೊನ್ನೆಯಂತೆ ಕಾಣುತ್ತದೆ ಎಂಬುದೂ ನೆನಪಿನಲ್ಲಿರಬೇಕು.

ಮಸುಕು ಕೇವಲ ನೋಟದ ಪ್ರಶ್ನೆಯಲ್ಲ. ಕಣಗಳ ಮರೆಯಲ್ಲಿ ಸೂಕ್ಷ್ಮಜೀವಿಗಳು ಕ್ಲೋರಿನ್ನಿನಿಂದ ತಪ್ಪಿಸಿಕೊಳ್ಳುತ್ತವೆ. ಕುಡಿಯುವ ನೀರಿಗೆ 1 ಎನ್‌ಟಿಯು (ಮಸುಕಿನ ಏಕಮಾನ) ಸ್ವೀಕಾರಾರ್ಹ ಮಿತಿ, 5 ಗರಿಷ್ಠ ಎಂದು ಐಎಸ್ 10500 ನಿಗದಿಪಡಿಸಿರುವುದರ ಹಿಂದೆ ಈ ಕಾರಣವೂ ಇದೆ. ತಿಳಿನೀರು ಸುರಕ್ಷಿತ ಎಂಬ ವಿಲೋಮವೂ ಸಲ್ಲದು. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರಿನಿಂದ ಸಾವುಗಳು ಸಂಭವಿಸಿದವು (ಸಂಖ್ಯೆ ವರದಿಯಿಂದ ವರದಿಗೆ ಬೇರೆಯಾಗಿದೆ). ನಲ್ಲಿ ನೀರಿನಿಂದ ಕೊಳ ತುಂಬಿಸಿದರೂ ಮೊದಲ ದಿನವೇ ಮುಕ್ತ ಕ್ಲೋರಿನ್ ಅಳೆಯುವುದಕ್ಕೆ ಅಷ್ಟು ಸಾಕು.

8. ವರದಿಯ ದಿನಾಂಕ

ತಿಂಗಳನ್ನು ನಮೂದಿಸದ ಬಾವಿ ವರದಿಯ ಉಪಯೋಗ ಸೀಮಿತ. ಮಾನ್ವಿಯ ಅಚ್ಚುಕಟ್ಟಿನಲ್ಲಿ ಕಾಲುವೆ ಹರಿಯುವಾಗ ಅದರ ಸೋರುನೀರು ಬಾವಿಗಳನ್ನು ತೆಳುವಾಗಿಸುವುದು ಸಂಭವ. ಸವಳು ಹಿಡಿದ ತಗ್ಗು ಹೊಲಗಳ ಬಳಿ ಅದೇ ಸೋರುನೀರು ಲವಣವನ್ನು ಹೊತ್ತು ತರಬಹುದು. ಕಾಲುವೆ ನಿಂತ ಏಪ್ರಿಲ್–ಮೇ ತಿಂಗಳ ಮಾದರಿಯೂ ಮಳೆಗಾಲ ಕಳೆದ ಅಕ್ಟೋಬರ್–ನವೆಂಬರಿನ ಮಾದರಿಯೂ ಒಂದೇ ಬಾವಿಯ ಎರಡು ಬೇರೆ ನೀರುಗಳೆಂದು ಭಾವಿಸುವುದು ಸೂಕ್ತ. ಮೇಲುತುಂಬುವ ನೀರಿನ ಲೆಕ್ಕಕ್ಕೆ ಮೊದಲಿನದನ್ನು ಬಳಸಬೇಕು, ಏಕೆಂದರೆ ಹೆಚ್ಚು ನೀರು ಆರುವುದೂ ತುಂಬುವುದೂ ಆ ತಿಂಗಳುಗಳಲ್ಲೇ.