ಮದ್ದಿಲ್ಲದ ಸೂಜಿಯ ಕಥೆ



ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು, ಸಂಜೆ ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ಕಂಬಿ ಹಿಡಿದು ನಿಂತು ಮನೆ ಸೇರುವ ಮಹಾನಗರದ ಜನಕ್ಕೆ ಕುತ್ತಿಗೆ ನೋವು, ಸೊಂಟ ನೋವು ಹೊಸದೇನಲ್ಲ. ನೋವಿನ ಮುಲಾಮು ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಯಾವುದಕ್ಕೂ ಬಗ್ಗದಿದ್ದಾಗ ಫಿಸಿಯೋಥೆರಪಿಸ್ಟ್ ಬಳಿಗೆ ಹೋಗುತ್ತೀರಿ. ಅಲ್ಲಿ ಈಗ ಅನೇಕ ಕಡೆ ಒಂದು ಮಾತು ಕೇಳಿಬರುತ್ತದೆ: "ಡ್ರೈ ನೀಡ್ಲಿಂಗ್ ಮಾಡೋಣವೇ?" ತೀರಾ ತೆಳ್ಳಗಿನ ಸೂಜಿಯೊಂದನ್ನು ನೋಯುವ ಸ್ನಾಯುವಿನ ಗಂಟಿಗೆ ಚುಚ್ಚಿ, ಸ್ವಲ್ಪ ಆಡಿಸಿ, ಹೊರತೆಗೆಯುವ ಚಿಕಿತ್ಸೆ ಅದು. ಸೂಜಿಯಲ್ಲಿ ಔಷಧವಿರುವುದಿಲ್ಲ. ಅದಕ್ಕೇ ಅದು 'ಡ್ರೈ', ಅಂದರೆ ಒಣ ಸೂಜಿ.

ಮದ್ದೇ ಇಲ್ಲದ ಸೂಜಿ ನೋವು ಕಳೆದೀತೇ? ಇದು ನಿಜವಾದ ಚಿಕಿತ್ಸೆಯೋ, ಜೇಬು ಹಗುರ ಮಾಡುವ ಉಪಾಯವೋ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಮೊದಲು ಈ ಸೂಜಿ ನಡೆದುಬಂದ ದಾರಿಯನ್ನು ಒಮ್ಮೆ ನೋಡೋಣ.

ನೋಯುವ ಜಾಗಕ್ಕೇ ಸೂಜಿ ಚುಚ್ಚುವುದು ಪಶ್ಚಿಮದ ವೈದ್ಯರಿಗೂ ಹಳೆಯ ಸಂಗತಿಯೇ. 1821ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಮಾರ್ಸ್ ಚರ್ಚಿಲ್ ಎಂಬ ಶಸ್ತ್ರವೈದ್ಯರು ಪೂರ್ವ ದೇಶಗಳಿಂದ ಬಂದ ಸೂಜಿ ಚಿಕಿತ್ಸೆಯ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. 1892ರಲ್ಲಿ ಸರ್ ವಿಲಿಯಂ ಆಸ್ಲರ್ ಅವರ ಪ್ರಖ್ಯಾತ ವೈದ್ಯಕೀಯ ಪಠ್ಯಪುಸ್ತಕ ಹೊರಬಂತು. ಹಠಾತ್ತನೆ ಸೊಂಟ ಹಿಡಿದುಕೊಂಡವರಿಗೆ ಸೊಂಟದ ಸ್ನಾಯುವಿಗೆ ಮೂರು ನಾಲ್ಕು ಅಂಗುಲದ ಸೂಜಿ ಚುಚ್ಚಿ, ಐದು ಹತ್ತು ನಿಮಿಷ ಬಿಟ್ಟು ತೆಗೆಯಿರಿ ಎಂದು ಅದರಲ್ಲಿ ಆಸ್ಲರ್ ಸಲಹೆ ಕೊಟ್ಟರು. ಹೆಂಗಸರು ಟೋಪಿಗೆ ಸಿಕ್ಕಿಸುವ ಸೂಜಿಯನ್ನೇ ಶುದ್ಧಮಾಡಿ ಬಳಸಿದರೂ ಸಾಕಂತೆ! ಆಧುನಿಕ ವೈದ್ಯಶಿಕ್ಷಣದ ಪಿತಾಮಹರಲ್ಲಿ ಒಬ್ಬರೆನಿಸಿದವರ ಮಾತಿದು ಎಂಬುದನ್ನು ನೆನಪಿಡಿ.

ಮುಂದಿನ ಹೆಜ್ಜೆಯೂ ಲಂಡನ್ನಿನಲ್ಲೇ. 1938ರಲ್ಲಿ ತರುಣ ವೈದ್ಯ ಕೆಲ್‌ಗ್ರೆನ್ ಆರೋಗ್ಯವಂತರ ಸ್ನಾಯುಗಳಿಗೆ ಉಪ್ಪುನೀರು ಚುಚ್ಚಿ ನೋಡಿದರು. ಚುಚ್ಚಿದ್ದು ಒಂದು ಕಡೆ, ನೋವು ಕಾಣಿಸಿದ್ದು ಇನ್ನೊಂದು ಕಡೆ! ನೋವಿನ ಮೂಲ ನಾವು ಕೈಯಿಟ್ಟು ತೋರಿಸುವ ಜಾಗದಲ್ಲೇ ಇರಬೇಕೆಂದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಎಳೆಯನ್ನು ಹಿಡಿದು ಮುಂದೆ ಹೋದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. ಬಿಗಿದುಕೊಂಡ ಸ್ನಾಯುವಿನಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋಯುವ ಬಿಂದುಗಳಿರುತ್ತವೆ, ಅವು ದೂರದ ಜಾಗಕ್ಕೂ ನೋವನ್ನು ಹರಡುತ್ತವೆ ಎಂದು ಆಕೆ ವಾದಿಸಿದರು. ಅವೇ 'ಟ್ರಿಗರ್ ಪಾಯಿಂಟ್'ಗಳು. ಅವುಗಳಿಗೆ ಪ್ರೊಕೇಯ್ನ್ ಎಂಬ ಮರಗಟ್ಟಿಸುವ ಮದ್ದನ್ನು ಚುಚ್ಚುವುದು ಆಕೆಯ ವಿಧಾನಗಳಲ್ಲೊಂದು. 1954ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಸೋಂಕು ತಗುಲಿ, ಸಾವಿನ ಅಂಚಿಗೆ ಹೋಗಿಬಂದ ಸೆನೆಟರ್ ಒಬ್ಬರು ಮರುವರ್ಷ ಆಕೆಯ ಬಳಿಗೆ ಬಂದರು. ಹೆಸರು ಜಾನ್ ಎಫ್. ಕೆನಡಿ. ಅವರು 1961ರಲ್ಲಿ ಅಧ್ಯಕ್ಷರಾದಾಗ ಟ್ರಾವೆಲ್ ಶ್ವೇತಭವನದ ವೈದ್ಯೆಯಾದರು. ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ ಆಕೆಯೇ. ಡಾ. ಡೇವಿಡ್ ಸೈಮನ್ಸ್ ಜೊತೆ ಆಕೆ ಬರೆದ ಟ್ರಿಗರ್ ಪಾಯಿಂಟ್ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ ಬಂತು. ಸ್ನಾಯುನೋವಿಗೆ ಚಿಕಿತ್ಸೆ ಕೊಡುವ ಬಹಳ ಮಂದಿಗೆ ಅದು ಆಧಾರಗ್ರಂಥವಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದಲ್ಲವೇ? ಇಂಜೆಕ್ಷನ್‌ನಿಂದ ನೋವು ಇಳಿದರೆ, ಇಳಿಸಿದ್ದು ಮದ್ದೋ, ಸೂಜಿಯೋ? ಪ್ರಾಗ್ ನಗರದ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಇದಕ್ಕೆ ಉತ್ತರ ಕೊಟ್ಟರು. 241 ರೋಗಿಗಳ 312 ನೋವಿನ ಜಾಗಗಳಿಗೆ ಅವರು ಬರೀ ಸೂಜಿ ಚುಚ್ಚಿದ್ದರು. ಸುಮಾರು 87 ಶೇಕಡಾ ಸಂದರ್ಭಗಳಲ್ಲಿ ನೋವು ಆ ಕ್ಷಣದಲ್ಲೇ ಇಳಿಯಿತು. ಸೂಜಿ ನೋವಿನ ಬಿಂದುವಿಗೆ ಕರಾರುವಾಕ್ಕಾಗಿ ತಾಗಬೇಕು, ಅಷ್ಟೇ ಎಂದರು ಲೆವಿಟ್. ಒಣ ಸೂಜಿ ಜಗತ್ತಿನ ಗಮನ ಸೆಳೆದದ್ದು ಇಲ್ಲಿಂದ.

ಆದರೆ ಲೆವಿಟ್ ಅವರ ಅಧ್ಯಯನದಲ್ಲಿ ಹೋಲಿಸಿ ನೋಡಲು ಸೂಜಿ ಚುಚ್ಚಿಸಿಕೊಳ್ಳದ ಇನ್ನೊಂದು ಗುಂಪು ಇರಲಿಲ್ಲ. ವೈದ್ಯರು ಕಾಳಜಿಯಿಂದ ಮುಟ್ಟಿ ನೋಡಿದರೂ ಅರ್ಧ ನೋವು ಹೋದಂತಾಗುವುದು ನಿಮಗೂ ಗೊತ್ತಿರುವುದೇ. ಈ ಗೊಂದಲ ಬಗೆಹರಿಯಬೇಕಾದರೆ ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಹುಸಿ ಸೂಜಿ ಕೊಟ್ಟು ನೋಡಬೇಕು. ಹುಸಿ ಮಾತ್ರೆ ಮಾಡುವುದು ಸುಲಭ, ಹುಸಿ ಸೂಜಿ ಮಾಡುವುದು ಹೇಗೆ? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಮಾಡಿದರು. ಒತ್ತಿದರೆ ತನ್ನ ಹಿಡಿಯೊಳಗೇ ಸರಿದುಕೊಳ್ಳುವ ಮೊಂಡು ಸೂಜಿ ಅದು, ನಾಟಕದ ಚಾಕುವಿನ ಹಾಗೆ. ಆದರೂ ಚುಚ್ಚುವವರಿಗೆ ಯಾವುದು ಅಸಲಿ, ಯಾವುದು ಹುಸಿ ಎಂದು ಗೊತ್ತಾಗಿಯೇ ಆಗುತ್ತದೆ. ಈ ಕ್ಷೇತ್ರದ ಸಂಶೋಧನೆ ಇಂದಿಗೂ ಎಡವುವುದು ಇದೇ ಕಲ್ಲಿಗೆ.

2001ರಲ್ಲಿ ಕಮಿಂಗ್ಸ್ ಮತ್ತು ವೈಟ್ ಎಂಬ ಇಬ್ಬರು ಅದುವರೆಗಿನ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಸೂಜಿಯಲ್ಲಿ ಯಾವ ಮದ್ದಿತ್ತು ಎಂಬುದರಿಂದ ಫಲಿತಾಂಶ ಬದಲಾಗಿರಲಿಲ್ಲ. ಅಂದರೆ ಲೆವಿಟ್ ಹೇಳಿದ್ದರಲ್ಲಿ ಹುರುಳಿತ್ತು. ಆದರೆ ಹುಸಿ ಚಿಕಿತ್ಸೆಗಿಂತ ಸೂಜಿ ಮೇಲೆಂದಾಗಲಿ, ಅಲ್ಲವೆಂದಾಗಲಿ ಸಾಬೀತಾಗಿಲ್ಲ ಎಂದೂ ಅವರು ಬರೆದರು. 2017ರ ಇನ್ನೊಂದು ಪರಿಶೀಲನೆ ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡ್ಲಿಂಗ್‌ನ 13 ಪ್ರಯೋಗಗಳನ್ನು ನೋಡಿತು. ಸುಮ್ಮನಿರುವುದಕ್ಕಿಂತ, ಹುಸಿ ಸೂಜಿಗಿಂತ ನಿಜವಾದ ಸೂಜಿ ಸುಮಾರು 12 ವಾರಗಳವರೆಗೆ ನೋವನ್ನು ಹೆಚ್ಚು ತಗ್ಗಿಸುತ್ತದೆ ಎಂದು ಕಂಡಿತು. ಆದರೆ ಪುರಾವೆಯ ಗುಣಮಟ್ಟ ತೀರಾ ಕೆಳಮಟ್ಟದಿಂದ ಮಧ್ಯಮ ಅಷ್ಟೇ. ದಿನನಿತ್ಯದ ಓಡಾಟ, ಕೆಲಸಕಾರ್ಯಗಳ ಲೆಕ್ಕಕ್ಕೆ ಬಂದರೆ ಫಿಸಿಯೋಥೆರಪಿಯ ಬೇರೆ ಚಿಕಿತ್ಸೆಗಳಿಗಿಂತ ಸೂಜಿ ಮುಂದೇನೂ ಇರಲಿಲ್ಲ.

ಸೂಜಿ ಏಕೆ ಕೆಲಸ ಮಾಡುತ್ತದೆ ಎಂಬ ಜಗಳವೂ ಮುಗಿದಿಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿ ಯಾರು, ಆರೋಗ್ಯವಂತ ಯಾರು ಎಂದು ಹೇಳದೆ ತಜ್ಞರನ್ನೇ ಟ್ರಿಗರ್ ಪಾಯಿಂಟ್ ಹುಡುಕಲು ಬಿಟ್ಟಾಗ ಒಬ್ಬರ ಕೈಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲಿಲ್ಲ. 2005ರಲ್ಲಿ ಅಮೆರಿಕದ ಜೇ ಶಾ ಮತ್ತು ಸಂಗಡಿಗರು ಅಂಥ ಬಿಂದುಗಳಿಂದ ದ್ರವದ ಮಾದರಿ ತೆಗೆದು, ಅಲ್ಲಿ ನೋವು ಮತ್ತು ಉರಿಯೂತಕ್ಕೆ ಸಂಬಂಧಿಸಿದ ರಾಸಾಯನಿಕಗಳು ಹೆಚ್ಚಿರುವುದನ್ನು ತೋರಿಸಿದರು. 2015ರಲ್ಲಿ ಕ್ವಿಂಟ್ನರ್ ಮತ್ತು ಸಂಗಡಿಗರು ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ಕೈಬಿಡಬೇಕೆಂದರು. ಅತ್ತ ಕೋರ್ಟಿನಲ್ಲಿ ಬೇರೆಯದೇ ವ್ಯಾಜ್ಯ. ಇದು ನಮ್ಮ ಅಕ್ಯುಪಂಕ್ಚರ್, ಫಿಸಿಯೋಥೆರಪಿಸ್ಟರು ಮಾಡುವಂತಿಲ್ಲ ಎಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಅಕ್ಯುಪಂಕ್ಚರ್ ಮಂಡಳಿ ದಾವೆ ಹೂಡಿತು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಫಿಸಿಯೋಥೆರಪಿಸ್ಟರ ಪರ ತೀರ್ಪು ಕೊಟ್ಟಿತು. ಆದರೆ ಕೋರ್ಟು ಹೇಳಬಲ್ಲದ್ದು ಯಾರು ಚುಚ್ಚಬಹುದು ಎಂಬುದನ್ನು ಮಾತ್ರ. ಚುಚ್ಚಿದರೆ ವಾಸಿಯಾದೀತೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಕೆನಡಿಯವರ ಕಥೆಯ ಉಳಿದ ಭಾಗ ಕೇಳಿ. ಟ್ರಾವೆಲ್ ಅವರ ಇಂಜೆಕ್ಷನ್ ಕೊಟ್ಟದ್ದು ತಾತ್ಕಾಲಿಕ ಉಪಶಮನ. ಬೆನ್ನು ಮತ್ತೆ ಮತ್ತೆ ಕೈಕೊಡುತ್ತಿತ್ತು. 1961ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಡಾ. ಹಾನ್ಸ್ ಕ್ರೌಸ್ ಅವರನ್ನು ಕರೆಸಲಾಯಿತು. ಸ್ವತಃ ಪರ್ವತಾರೋಹಿಯಾಗಿದ್ದ ಕ್ರೌಸ್ ಅಧ್ಯಕ್ಷರಿಗೆ ವ್ಯಾಯಾಮದ ನೇಮ ಹಾಕಿದರು. ವಾರಕ್ಕೆ ಹಲವು ಬಾರಿ ತಪ್ಪದೆ ಮಾಡಿದ ಮೇಲೆ ಬೆನ್ನು ಎಷ್ಟೋ ಸುಧಾರಿಸಿತು.

ಇನ್ನೂರು ವರ್ಷಗಳ ಈ ಕಥೆಯಿಂದ ತಿಳಿಯುವುದು ಇಷ್ಟು. ಸೂಜಿ ಬರೀ ಬೂಟಾಟಿಕೆಯಲ್ಲ. ಹಾಗೆಂದು ರಾಮಬಾಣವೂ ಅಲ್ಲ. ಅದು ಕೊಡುವುದು ಕೆಲವು ವಾರಗಳ ಬಿಡುವು. ಆ ಬಿಡುವಿನಲ್ಲಿ ನೀವು ಸ್ನಾಯುವನ್ನು ಬಲಪಡಿಸಿಕೊಂಡರೆ ಕೊಟ್ಟ ಹಣಕ್ಕೆ ಬೆಲೆ. ಹಾಗೆಯೇ ಕುಳಿತಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಬಾಗಿಲು. ಸೂಜಿಯ ಜೊತೆಗೆ ವ್ಯಾಯಾಮ ಹೇಳಿಕೊಡದೆ, ಸಾಲಾಗಿ ಹತ್ತಿಪ್ಪತ್ತು ಸಲ ಬನ್ನಿ ಎನ್ನುವವರ ಬಗ್ಗೆ ಎಚ್ಚರವಿರಲಿ.

ಅಪಾಯದ ಮಾತನ್ನೂ ಹೇಳಲೇಬೇಕು. ಐರ್ಲೆಂಡಿನಲ್ಲಿ 7,629 ಚಿಕಿತ್ಸೆಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 19 ಶೇಕಡಾ ಸಲ ಚರ್ಮ ಕಂದುವುದು, ಚೂರು ರಕ್ತ ಒಸರುವುದು, ನೋವು ಮುಂತಾದ ಸಣ್ಣ ತೊಂದರೆ ಕಂಡಿತ್ತು, ದೊಡ್ಡದೇನೂ ಆಗಿರಲಿಲ್ಲ. ಆದರೆ ಅವರೆಲ್ಲ ತರಬೇತಿ ಪಡೆದವರು. ಭುಜ, ಎದೆ, ಮೇಲ್ಬೆನ್ನಿನಲ್ಲಿ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತೂತಾಗಬಹುದು. ಅಪರೂಪ, ಆದರೆ ಆದದ್ದುಂಟು. ಆದ್ದರಿಂದ ಚುಚ್ಚುವವರ ಓದು, ತರಬೇತಿ, ನೋಂದಣಿ ಏನೆಂದು ಕೇಳಲು ಸಂಕೋಚ ಬೇಡ. ಸೂಜಿ ಹೊಸದೇ ಎಂದು ನೋಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಚಿಕಿತ್ಸೆಯ ನಂತರ ಎದೆನೋವು, ಉಸಿರಾಟದ ಕಷ್ಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೈಕಾಲು ಜೋಮು, ಜ್ವರ, ತೂಕ ಇಳಿಯುವುದು ನೋವಿನ ಜೊತೆಗಿದ್ದರೆ ಸೂಜಿಯ ಮಾತೇ ಬೇಡ, ಮೊದಲು ವೈದ್ಯರನ್ನು ಕಾಣಿ.

ಅಲ್ಲಿಯವರೆಗೆ, ನಮ್ಮ ಕಾರ್ಯಕ್ರಮ ಕೇಳುವಾಗಲಾದರೂ ಕುರ್ಚಿ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಹಾಕಿ. ರೇಡಿಯೋ ಕೇಳಲು ಕುಳಿತೇ ಇರಬೇಕೆಂದಿಲ್ಲವಲ್ಲ!